ಖಾರದ ಕರ್ಜಿಕಾಯಿ: ಎಂಪನಾಡ ಮತ್ತು ಅದರ ನೆಂಟರನ್ನು ನಮ್ಮ ಅಡುಗೆಮನೆಯಲ್ಲಿ ಮಾಡುವ ಬಗೆ

ಮೊದಲ ಸಲ ಎಂಪನಾಡ ಮಾಡಿ ತಟ್ಟೆಗೆ ಹಾಕಿಕೊಟ್ಟಾಗ ದೊಡ್ಡಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದಕ್ಕೆ ಯಾಕೋ ಅಷ್ಟುದ್ದ ಹೆಸರು? ಖಾರದ ಕರ್ಜಿಕಾಯಿ ಅಲ್ವಾ ಇದು?" ಅಂದರು. ನಾನು ಸ್ಪೇನ್, ಅರ್ಜೆಂಟೀನಾ ಅಂತ ಶುರು ಮಾಡುವಷ್ಟರಲ್ಲಿ ಒಂದು ತುತ್ತು ಕಚ್ಚಿಯೂ ಆಗಿತ್ತು. ಒಳಗೆ ಒಣ ಖೀಮಾ. ರಸವೆಲ್ಲ ತಳ ಒಡೆದು ಸೋರಿ ಓವನ್ನಿನ ಟ್ರೇ ಮೇಲೆ ಕರಕಲಾಗಿ ಕೂತಿತ್ತು. ದೊಡ್ಡಮ್ಮ ಬೈಯಲಿಲ್ಲ. "ಕರ್ಜಿಕಾಯಿ ಹೂರಣ ಒಣಗಿರುತ್ತೆ, ಅದಕ್ಕೇ ನಿಲ್ಲುತ್ತೆ. ನೀನು ಸಾರು ತುಂಬಿದ್ರೆ ಕಣಕ ಏನು ಮಾಡೀತು ಪಾಪ" ಅಂದರು, ಅಷ್ಟೆ.

ಈ ಅಡುಗೆಯ ಕಷ್ಟ ಇರುವುದೇ ಅಲ್ಲಿ. ಹಾಸನಾಂಬೆ ಬಾಗಿಲು ತೆಗೆಯುವ ದಿನಗಳಲ್ಲಿ, ದೀಪಾವಳಿ ಹತ್ತಿರ ಬಂದಾಗ, ನಮ್ಮ ಕಡೆ ಡಬ್ಬಗಟ್ಟಲೆ ಕರ್ಜಿಕಾಯಿ ಮಾಡುವ ಮನೆಗಳಿವೆ. ಆ ಕೈಗಳಿಗೆ ಎಂಪನಾಡ ಮಡಿಸುವುದನ್ನು ಯಾರೂ ಕಲಿಸಬೇಕಿಲ್ಲ. ಕಲಿಯಬೇಕಾದದ್ದು ಒಂದೇ: ರಸ ಇರುವ ಹೂರಣವನ್ನು ಸೋರದಂತೆ ಒಳಗೆ ಕೂರಿಸುವುದು. ಕೊಬ್ಬರಿ, ಹುರಿಗಡಲೆ, ಸಕ್ಕರೆಯ ಹೂರಣ ಹದಿನೈದು ದಿನ ಕೆಡದಿರಲಿ ಅಂತಲೇ ಒಣಗಿರುತ್ತದೆ. ಎಂಪನಾಡ ಹಾಗಲ್ಲ, ಬಿಸಿಯಾಗಿ ಕಚ್ಚಿದಾಗ ರಸ ಗಲ್ಲಕ್ಕೆ ಇಳಿಯಬೇಕು. ಅರ್ಜೆಂಟೀನಾದ ತುಕುಮಾನ್ ಪ್ರಾಂತ್ಯದಲ್ಲಿ ಒಳ್ಳೆಯ ಎಂಪನಾಡವನ್ನು ಕಾಲು ಅಗಲಿಸಿಕೊಂಡು, ಮುಂದಕ್ಕೆ ಬಾಗಿ ತಿನ್ನಬೇಕು ಅನ್ನುವ ಮಾತೇ ಇದೆ. ಇಲ್ಲದಿದ್ದರೆ ಚಪ್ಪಲಿ ಮೇಲೆ ಬೀಳುತ್ತದೆ.

ನೆಂಟಸ್ತಿಕೆ

ಸ್ಪ್ಯಾನಿಷ್‌ನಲ್ಲಿ ಪಾನ್ ಅಂದರೆ ಬ್ರೆಡ್. ಎಂಪನಾರ್ ಅಂದರೆ ಹಿಟ್ಟಿನಲ್ಲಿ ಸುತ್ತುವುದು. ಸ್ಪೇನಿನ ಗಲೀಸಿಯಾದಲ್ಲಿ ಇವತ್ತಿಗೂ ಎಂಪನಾಡ ಅಂದರೆ ತಟ್ಟೆಯಗಲದ ದೊಡ್ಡ ಮುಚ್ಚಿದ ರೊಟ್ಟಿ. ಒಳಗೆ ಈರುಳ್ಳಿ, ಮೀನು. ಅದನ್ನು ತುಂಡು ಮಾಡಿ ಹಂಚುತ್ತಾರೆ. ಅದು ಹಡಗು ಹತ್ತಿ ದಕ್ಷಿಣ ಅಮೆರಿಕಕ್ಕೆ ಹೋಗಿ ಅಂಗೈಯಗಲಕ್ಕೆ ಇಳಿಯಿತು. ಫಿಲಿಪ್ಪೀನ್ಸಿಗೂ ಹೋಗಿ ಅಕ್ಕಿ ಹಿಟ್ಟಿನ ಉಡುಗೆ ತೊಟ್ಟಿತು. ನಮ್ಮ ಸಮೋಸ ಬೇರೆ ದಾರಿಯಲ್ಲಿ, ಪರ್ಷಿಯಾ ಕಡೆಯಿಂದ ಬಂದದ್ದು. 14ನೇ ಶತಮಾನದಲ್ಲಿ ಮಹಮದ್ ಬಿನ್ ತುಘಲಕನ ದರ್ಬಾರಿಗೆ ಬಂದ ಇಬ್ನ್ ಬತೂತ ಅಲ್ಲಿ ಸಾಂಬುಸಕ್ ತಿಂದದ್ದನ್ನು ಬರೆದಿಟ್ಟಿದ್ದಾನೆ. ಖೀಮಾ, ಬಾದಾಮಿ, ಪಿಸ್ತಾ, ಈರುಳ್ಳಿ, ಮಸಾಲೆ ಸೇರಿಸಿ, ತೆಳು ಹಾಳೆಯಲ್ಲಿ ಸುತ್ತಿ, ತುಪ್ಪದಲ್ಲಿ ಕರಿದದ್ದಂತೆ. ಆಲೂಗಡ್ಡೆಯ ಸುಳಿವಿಲ್ಲ. ಇರುವುದಾದರೂ ಹೇಗೆ, ಅದು ಆಗ ಅಮೆರಿಕ ಖಂಡ ಬಿಟ್ಟು ಹೊರಗೇ ಬಂದಿರಲಿಲ್ಲ.

ಇನ್ನು ಬೇಕರಿಯ ಪಫ್ಸ್. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳನ್ನು ಕಟ್ಟಿದವರಲ್ಲಿ ಎಷ್ಟೋ ಜನ ಹಾಸನ ಜಿಲ್ಲೆಯಿಂದ ಹೋದವರು, ಹಾಗಾಗಿ ಪಫ್ಸ್ ಮೇಲೆ ನಮಗೆ ಸ್ವಲ್ಪ ಹಕ್ಕಿದೆ ಅನ್ನಿ. ಆದರೆ ಅದರ ಕಣಕವನ್ನು ಕೊಬ್ಬು ಸವರಿ, ಮಡಿಸಿ, ಮತ್ತೆ ಲಟ್ಟಿಸಿ ಪದರ ಪದರ ಮಾಡಿರುತ್ತಾರೆ. ಮನೆಯಲ್ಲಿ ಅದಕ್ಕೆ ಕೈ ಹಾಕಬೇಡಿ. ಬೇಕರಿಯಲ್ಲೇ ಚೆನ್ನಾಗಿ ಸಿಗುವುದಕ್ಕೆ ಅರ್ಧ ದಿನ ಯಾಕೆ ಕಳೆಯಬೇಕು?

ಮೊದಲು ಆಲೂಗಡ್ಡೆ ಮಾತು

ಎಂಪನಾಡಕ್ಕೆ ಆಲೂಗಡ್ಡೆ ಹಾಕಬೇಕೋ ಬೇಡವೋ ಎಂಬುದು ಅರ್ಜೆಂಟೀನಾದಲ್ಲಿ ದೊಡ್ಡ ಜಗಳ. ಸಾಲ್ಟಾ ಪ್ರಾಂತ್ಯದವರಿಗೆ ಬೇಕೇ ಬೇಕು. ಪಕ್ಕದ ತುಕುಮಾನ್‌ನವರಿಗೆ ಅದು ಅಪಚಾರ. ಸಾರಿಗೆ ಬೆಲ್ಲ ಹಾಕುವ ವಿಷಯಕ್ಕೆ ನಾವೂ ಕರಾವಳಿಯವರೂ ಎಳೆದಾಡುತ್ತೇವಲ್ಲ, ಹಾಗೇ. ನಾನಂತೂ ಸಾಲ್ಟಾ ಪಕ್ಷ. ಹಾಸನದಲ್ಲಿದ್ದುಕೊಂಡು ಆಲೂಗಡ್ಡೆ ಬೇಡ ಅನ್ನಲು ನಾಲಗೆ ಹೇಗೆ ಬರುತ್ತದೆ? ಜಲಂಧರ್ ಕಡೆಯಿಂದ ಬರುವ ಬಿತ್ತನೆ ಗಡ್ಡೆಗೆ ಬೇಸಿಗೆಯಲ್ಲಿ ಎಪಿಎಂಸಿ ಮುಂದೆ ಕಾಯುವುದು, ಮುಂಗಾರಿಗೆ ನೆಡುವುದು, ಮೋಡ ಕವಿದು ಜಡಿಮಳೆ ಹಿಡಿದರೆ ಅಂಗಮಾರಿ ಬಂದೀತು ಅಂತ ಎದೆ ಹಿಡಿದು ಕೂರುವುದು, ಇಷ್ಟೆಲ್ಲ ನೋಡಿ ಬೆಳೆದವರು ನಾವು.

ಅಡುಗೆಗೆ ಬೇಕಾದ ವಿಷಯ ಇಷ್ಟು. ಆಗಸ್ಟ್–ಸೆಪ್ಟೆಂಬರಿನಲ್ಲಿ ಕೀಳುವ ಹೊಸ ಗಡ್ಡೆಯ ಸಿಪ್ಪೆ ತೆಳು, ಒಳಗೆ ನೀರಿನಂಶ ಜಾಸ್ತಿ. ಬೇಯಿಸಿದರೆ ತುಂಡು ತುಂಡಾಗಿಯೇ ನಿಲ್ಲುತ್ತದೆ. ಎಂಪನಾಡಕ್ಕೆ ಅದೇ ಬೇಕು. ಹಳೆಯ, ಹಿಟ್ಟು ಹಿಟ್ಟಾಗಿ ಒಡೆಯುವ ಗಡ್ಡೆ ಸಮೋಸಕ್ಕೂ ದೋಸೆ ಪಲ್ಯಕ್ಕೂ ಸರಿ. ಶೀತಲ ಗೃಹದಲ್ಲಿ ಬಹಳ ದಿನ ಇದ್ದದ್ದು ಸಿಹಿ ಬರುತ್ತದೆ, ಖಾರದ ಹೂರಣದಲ್ಲಿ ಅದು ನಾಲಗೆಗೆ ಎಡವುತ್ತದೆ. ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಕೊಳ್ಳುವಾಗ ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಸಿಪ್ಪೆ ಸಲೀಸಾಗಿ ಎದ್ದು ಬಂದರೆ ಹೊಸದು.

ಹೂರಣ: ಹಿಂದಿನ ರಾತ್ರಿಯ ಕೆಲಸ

ಇಪ್ಪತ್ತು ಎಂಪನಾಡಕ್ಕೆ ಲೆಕ್ಕ ಹೇಳುತ್ತೇನೆ. ಮೂಳೆಯಿಲ್ಲದ ಮಟನ್ 400 ಗ್ರಾಂ, ಜೊತೆಗೆ ಎರಡು ಮೂಳೆ. ಈರುಳ್ಳಿ 400 ಗ್ರಾಂ. ಹೌದು, ಮಾಂಸದಷ್ಟೇ ತೂಕದ ಈರುಳ್ಳಿ. ಕಡಿಮೆ ಮಾಡಬೇಡಿ, ರಸ ಬರುವುದೇ ಅದರಿಂದ. ಆಲೂಗಡ್ಡೆ 200 ಗ್ರಾಂ, ತುಪ್ಪ 4 ದೊಡ್ಡ ಚಮಚ, ಬ್ಯಾಡಗಿ ಮೆಣಸಿನ ಪುಡಿ 2 ಚಿಕ್ಕ ಚಮಚ, ಹುರಿದು ತರಿತರಿಯಾಗಿ ಕುಟ್ಟಿದ ಜೀರಿಗೆ ಒಂದೂವರೆ ಚಮಚ, ಕಾಳುಮೆಣಸಿನ ಪುಡಿ ಒಂದು ಚಮಚ, ಒಂದು ಹಿಡಿ ಈರುಳ್ಳಿ ಹೂವು, ಎರಡು ಮೊಟ್ಟೆ, ಉಪ್ಪು.

ಅಲ್ಲಿ ದನದ ಮಾಂಸ ಬಳಸುತ್ತಾರೆ. ತುಕುಮಾನ್‌ನಲ್ಲಿ ಅದನ್ನು ಮೊದಲು ಬೇಯಿಸಿ, ಆಮೇಲೆ ಚಾಕುವಿನಿಂದ ಸಣ್ಣಗೆ ಹೆಚ್ಚುತ್ತಾರೆ. ಯಂತ್ರದ ಖೀಮಾ ಅವರಿಗೆ ಆಗದು. ನಾನು ಮಟನ್ನಿಗೂ ಇದೇ ಕ್ರಮ ಹಿಡಿದಿದ್ದೇನೆ. ಮಾಂಸ, ಮೂಳೆ, ಉಪ್ಪು, ಒಂದು ಲೋಟ ನೀರು ಕುಕ್ಕರಿಗೆ ಹಾಕಿ ನಾಲ್ಕು ವಿಷಲ್ ಕೂಗಿಸಿ. ಮಾಂಸ ತಣ್ಣಗಾದ ಮೇಲೆ ಹುಣಸೆಬೀಜದ ಗಾತ್ರಕ್ಕೆ ಹೆಚ್ಚಿ. ಬೆಂದ ನೀರನ್ನು ಚೆಲ್ಲಬೇಡಿ! ಮುಕ್ಕಾಲು ಲೋಟದಷ್ಟು ಎತ್ತಿಡಿ.

ಆಲೂಗಡ್ಡೆಯನ್ನು ಒಂದು ಸೆಂಟಿಮೀಟರಿನ ಚೌಕಗಳಾಗಿ ಹೆಚ್ಚಿ, ಉಪ್ಪು ನೀರಿನಲ್ಲಿ ಆರೇಳು ನಿಮಿಷ ಬೇಯಿಸಿ ಬಸಿಯಿರಿ. ದಪ್ಪ ತಳದ ಬಾಣಲೆಯಲ್ಲಿ ತುಪ್ಪ ಕಾಯಿಸಿ, ಸಣ್ಣಗೆ ಹೆಚ್ಚಿದ ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಬಾಡಿಸಿ. ಕೆಂಪಗಾಗುವುದು ಬೇಡ, ಮೆತ್ತಗೆ ಪಾರದರ್ಶಕವಾದರೆ ಸಾಕು. ಮಾಂಸ ಹಾಕಿ ಐದು ನಿಮಿಷ ತಿರುವಿ ಒಲೆ ಆರಿಸಿ. ಬ್ಯಾಡಗಿ ಪುಡಿ, ಕಾಳುಮೆಣಸಿನ ಪುಡಿ, ಜೀರಿಗೆ ಹಾಕುವುದು ಈಗ, ಉರಿ ಆರಿದ ಮೇಲೆ. ಕಾದ ತುಪ್ಪದಲ್ಲಿ ಬ್ಯಾಡಗಿ ಪುಡಿ ಕ್ಷಣದಲ್ಲಿ ಸೀದು ಕಹಿಯಾಗುತ್ತದೆ. ಅವರು ಹಾಕುವುದು ಪಿಮೆಂಟೋನ್ ಎಂಬ ಕೆಂಪು ಮೆಣಸಿನ ಪುಡಿ, ಬಣ್ಣ ಜಾಸ್ತಿ, ಖಾರ ಕಡಿಮೆ. ಬ್ಯಾಡಗಿಯ ಗುಣವೂ ಅದೇ ಅಲ್ವಾ? ಗುಂಟೂರು ಪುಡಿ ಹಾಕಿ ಅತ್ತು ನನ್ನನ್ನು ಬೈಯಬೇಡಿ.

ಓರಿಗಾನೊ ಅನ್ನುವ ಎಲೆಯ ಪ್ಯಾಕೆಟ್ಟು ಈಗ ಎಲ್ಲ ಸೂಪರ್ ಮಾರ್ಕೆಟ್ಟಿನಲ್ಲೂ ಇದೆ. ಸಿಕ್ಕರೆ ಅದನ್ನೂ ಸ್ವಲ್ಪ ಉದುರಿಸಿ, ಸಿಗದಿದ್ದರೆ ಹಿತ್ತಲಿನ ದೊಡ್ಡಪತ್ರೆಯ ನಾಲ್ಕು ಎಲೆ ಸಣ್ಣಗೆ ಹೆಚ್ಚಿ ಹಾಕಿ. ಕೆರಿಬಿಯನ್ ದ್ವೀಪಗಳಲ್ಲಿ ಓರಿಗಾನೊ ಬದಲು ಇದೇ ಗಿಡವನ್ನು ಬಳಸುತ್ತಾರೆ.

ಈಗ ಎತ್ತಿಟ್ಟ ರಸ ಸುರಿದು, ಆಲೂಗಡ್ಡೆ ಸೇರಿಸಿ, ಒಡೆಯದಂತೆ ಒಮ್ಮೆ ತಿರುವಿ. ನೋಡಲು ಪಲ್ಯಕ್ಕಿಂತ ನೀರಾಗಿ, ಸಾರಿಗಿಂತ ಗಟ್ಟಿಯಾಗಿ ಇರುತ್ತದೆ. "ಇದನ್ನು ಹೇಗಪ್ಪಾ ತುಂಬೋದು" ಅಂತ ಅನ್ನಿಸುತ್ತದೆ. ಅಗಲವಾದ ತಟ್ಟೆಯಲ್ಲಿ ಹರಡಿ ಆರಿಸಿ. ಪೂರ್ತಿ ಆರಿದ ತಕ್ಷಣ, ಎರಡು ಗಂಟೆ ಮೀರದಂತೆ, ಮುಚ್ಚಿ ಫ್ರಿಜ್ಜಿಗೆ ಸೇರಿಸಿ. ಬೆಳಿಗ್ಗೆ ತೆಗೆದು ನೋಡಿ. ಕಾಲು ಸೂಪನ್ನು ಫ್ರಿಜ್ಜಿನಲ್ಲಿಟ್ಟರೆ ಹೆಪ್ಪುಗಟ್ಟುತ್ತದಲ್ಲ, ಅದೇ ಇಲ್ಲೂ ಆಗಿರುತ್ತದೆ. ಮೂಳೆಯಿಂದ ಬಿಟ್ಟ ಜಿಗುಟು ರಸವನ್ನು ಹಿಡಿದುಕೊಂಡಿರುತ್ತದೆ, ತುಪ್ಪವೂ ಗಟ್ಟಿಯಾಗಿರುತ್ತದೆ. ಚಮಚದಲ್ಲಿ ಉಂಡೆಯಂತೆ ಎತ್ತಬಹುದು. ಕಣಕದೊಳಗೆ ಗಟ್ಟಿಯಾಗಿ ಹೋಗಿ, ಓವನ್ನಿನಲ್ಲಿ ಕರಗಿ ರಸವಾಗುತ್ತದೆ. ನಾನು ಮೊದಲ ಸಲ ಬಿಸಿ ಹೂರಣವನ್ನೇ ತುಂಬಿದ್ದೆ. ಬಿಸಿಗೆ ಕಣಕದ ತುಪ್ಪ ಕರಗಿತು, ತಳ ತೆಳ್ಳಗಾಗಿ ಒಡೆಯಿತು.

ಬೊಲಿವಿಯಾದವರ ಸಾಲ್ಟೇನ್ಯ ಈ ಉಪಾಯದ ತುತ್ತತುದಿ. ಅದರೊಳಗೆ ಹೆಚ್ಚುಕಮ್ಮಿ ಸಾರೇ ಇರುತ್ತದೆ. ಮೂಳೆ ರಸವನ್ನೋ ಜೆಲಾಟಿನನ್ನೋ ಹೆಪ್ಪುಗಟ್ಟಿಸಿ ತುಂಬುತ್ತಾರೆ. ಬೆಳಗಿನ ಹೊತ್ತು ತಿನ್ನುವ ತಿಂಡಿ. ಮೇಲಿನ ತುದಿ ಕಚ್ಚಿ, ಮೊದಲು ರಸ ಹೀರಿ, ಆಮೇಲೆ ಉಳಿದದ್ದು.

ಮಾಂಸ ತಿನ್ನದವರಿಗೆ ಸುಲಭದ ದಾರಿ ಉಮೀತ. ಇದೂ ಅರ್ಜೆಂಟೀನಾದ್ದೇ. ಎಳೆಯ ಮುಸುಕಿನ ಜೋಳದ ಕಾಳು ಬಿಡಿಸಿ, ಅರ್ಧವನ್ನು ತರಿತರಿಯಾಗಿ ರುಬ್ಬಿ, ಬೆಣ್ಣೆಯಲ್ಲಿ ಬಾಡಿಸಿದ ಈರುಳ್ಳಿಗೆ ಹಾಕಿ, ಹಾಲು ಹಾಕುತ್ತಾ ಗಟ್ಟಿ ಪಾಯಸದ ಹದಕ್ಕೆ ತನ್ನಿ. ಮೇಲೆ ಸ್ವಲ್ಪ ಚೀಸ್ ತುರಿಯಿರಿ. ತಣ್ಣಗಾದರೆ ತಾನೇ ಗಟ್ಟಿಯಾಗುತ್ತದೆ. ಚಳಿಗಾಲವಾದರೆ ಹಿತಕಿದ ಅವರೆ ಬೇಳೆ ಮತ್ತು ಆಲೂಗಡ್ಡೆ ನನ್ನ ಆಯ್ಕೆ. ಅವರೆ ಬೆಂದ ನೀರು ಒಂದು ಲೋಟಕ್ಕೆ ಅರ್ಧ ಚಿಕ್ಕ ಚಮಚ ಚೈನಾ ಗ್ರಾಸ್ ಪುಡಿ ಹಾಕಿ ಕುದಿಸಿ ಸೇರಿಸಿದರೆ ಮೂಳೆ ರಸದ ಕೆಲಸವನ್ನು ಅದೇ ಮಾಡುತ್ತದೆ. ಮಳೆಗಾಲದ ಕಳಲೆಯಲ್ಲೂ ಒಮ್ಮೆ ಮಾಡಿದೆ. ಎರಡು ದಿನ ನೀರು ಬದಲಿಸಿ ನೆನೆಸಿದ್ದರೂ ಅದರ ವಾಸನೆ ಜೀರಿಗೆಗೆ ಒಗ್ಗಲಿಲ್ಲ. ಕಳಲೆ ಪಲ್ಯವಾಗಿಯೇ ಇರಲಿ ಬಿಡಿ.

ಕಣಕ

ಮೈದಾ 500 ಗ್ರಾಂ, ತುಪ್ಪ 110 ಗ್ರಾಂ, ಉಪ್ಪು 10 ಗ್ರಾಂ, ಬೆಚ್ಚಗಿನ ನೀರು 200ರಿಂದ 220 ಮಿಲಿ. ಕರ್ಜಿಕಾಯಿಗೆ ಹಾಕುವ ಚಿರೋಟಿ ರವೆ ಬೇಡ. ರವೆ ಗರಿಗರಿ ಕೊಡುತ್ತದೆ, ಆದರೆ ಇಲ್ಲಿ ರಸ ತಡೆಯುವ, ಬಾಗುವ ಕಣಕ ಬೇಕು.

ಉಪ್ಪನ್ನು ನೀರಿನಲ್ಲಿ ಕರಗಿಸಿ. ತುಪ್ಪವನ್ನು ಕರಗಿಸಿ, ಬೆರಳಿಟ್ಟರೆ ಸುಡದಷ್ಟು ಆರಿಸಿ. ಮೈದಾಕ್ಕೆ ತುಪ್ಪ ಹಾಕಿ ಅಂಗೈಗಳ ನಡುವೆ ಉಜ್ಜಿ. ಹಿಡಿ ಮಾಡಿದರೆ ಮುದ್ದೆ ನಿಲ್ಲಬೇಕು, ಬೆರಳು ತಾಗಿಸಿದರೆ ಉದುರಬೇಕು. ಆಮೇಲೆ ಉಪ್ಪು ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕಲಸಿ, ಎಂಟು ನಿಮಿಷ ನಾದಿ. ಪೂರಿ ಹಿಟ್ಟಿಗಿಂತ ಮೆದು, ಚಪಾತಿ ಹಿಟ್ಟಿಗಿಂತ ಗಟ್ಟಿ ಇದ್ದರೆ ಹದ. ಚಿಕ್ಕಮಗಳೂರು, ಸಕಲೇಶಪುರದ ಮಳೆಗಾಲದಲ್ಲಿ ಹಿಟ್ಟೇ ತೇವ ಹೀರಿಕೊಂಡಿರುತ್ತದೆ, ಆಗ ನೀರು 190 ಮಿಲಿಯಲ್ಲೇ ಮುಗಿಯಬಹುದು. ಅಳತೆಗಿಂತ ಕೈ ಹೇಳಿದ್ದನ್ನು ಕೇಳಿ.

ತಣ್ಣನೆಯ ಬೆಣ್ಣೆ ಹಾಕಿ ಪೈ ಹಿಟ್ಟಿನಂತೆ ಮಾಡಬಾರದಾ ಅಂತ ಕೇಳುವವರಿದ್ದಾರೆ. ಮಾಡಬಹುದು, ಉದುರುದುರಾಗಿ ರುಚಿಯಾಗಿರುತ್ತದೆ. ಆದರೆ ಉದುರುವ ಹಿಟ್ಟಿಗೆ ಬಿರುಕು ಬೇಗ. ಕರಗಿದ ಕೊಬ್ಬು, ಬೆಚ್ಚಗಿನ ಉಪ್ಪು ನೀರು ಎರಡೂ ಅಲ್ಲಿಯವರ ಹಳೆಯ ಕ್ರಮವೇ. ಅವರು ಹಾಕುವುದು ಪ್ರಾಣಿಯ ಕೊಬ್ಬು, ನಾನು ತುಪ್ಪ.

ಒದ್ದೆ ಬಟ್ಟೆ ಮುಚ್ಚಿ ಒಂದು ಗಂಟೆ ಬಿಡಿ. ಈ ಗಂಟೆ ಉಳಿಸಲು ಹೋದರೆ ಲಟ್ಟಿಸಿದ ಹಾಳೆ ರಬ್ಬರಿನಂತೆ ಹಿಂದಕ್ಕೆ ಎಳೆದುಕೊಳ್ಳುತ್ತದೆ.

ಲಟ್ಟಿಸಿ, ತುಂಬಿ, ಮಡಿಸುವುದು

ನಿಂಬೆಹಣ್ಣಿನ ಗಾತ್ರದ, ಸುಮಾರು 40 ಗ್ರಾಂ ಉಂಡೆ. 12 ಸೆಂಟಿಮೀಟರ್ ಅಗಲಕ್ಕೆ ಲಟ್ಟಿಸಿ. ದಪ್ಪ ಎರಡೂವರೆ ಮಿಲಿಮೀಟರ್, ಅಂದರೆ ಹೆಚ್ಚುಕಮ್ಮಿ ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು. ಕರ್ಜಿಕಾಯಿಯ ಹಾಳೆಗಿಂತ ದಪ್ಪ, ನೆನಪಿರಲಿ. ಮಣೆಗೆ ಹಿಟ್ಟು ಜಾಸ್ತಿ ಉದುರಿಸಬೇಡಿ, ಅಂಚು ಕೂಡುವುದಿಲ್ಲ.

ಹೂರಣಕ್ಕೆ ಬೇಯಿಸಿ ಹೆಚ್ಚಿದ ಮೊಟ್ಟೆ, ಈರುಳ್ಳಿ ಹೂವು ಈಗ ಬೆರೆಸಿ. ತುಂಬಿದ ಒಂದು ದೊಡ್ಡ ಚಮಚ, 45 ಗ್ರಾಂನಷ್ಟು, ನಡುವೆ ಇಡಿ. ಅಂಚಿಗೆ ತುಪ್ಪ ತಾಗಬಾರದು. ಜಿಡ್ಡು ತಾಗಿದ ಅಂಚು ಎಷ್ಟು ಒತ್ತಿದರೂ ಅಂಟುವುದಿಲ್ಲ. ಅರ್ಧ ಅಂಚಿಗೆ ಮಾತ್ರ ನೀರಿನ ಬೆರಳು ಸವರಿ, ಅರ್ಧಚಂದ್ರವಾಗಿ ಮಡಿಸಿ, ಹೂರಣದ ಸುತ್ತ ಒತ್ತುತ್ತಾ ಗಾಳಿ ಹೊರಡಿಸಿ. ಒಳಗೆ ಸಿಕ್ಕಿಕೊಂಡ ಗಾಳಿ ಬಿಸಿಗೆ ಉಬ್ಬಿ ಅಂಚನ್ನು ಬಿಚ್ಚುತ್ತದೆ.

ಈಗ ಅಂಚಿನ ಮಡಿಕೆ, ಅವರ ಮಾತಲ್ಲಿ ರೆಪುಲ್ಗೆ. ಎಡ ಅಂಗೈಯಲ್ಲಿ ಎಂಪನಾಡ ಕೂರಿಸಿಕೊಳ್ಳಿ. ಒಂದು ತುದಿಯ ಮೂಲೆಯನ್ನು ಹೆಬ್ಬೆರಳು, ತೋರುಬೆರಳಿನಿಂದ ಚಿವುಟಿ, ಸ್ವಲ್ಪ ಹೊರಕ್ಕೆ ಎಳೆದು, ಒಳಕ್ಕೆ ಮಗುಚಿ ಒತ್ತಿ. ಮುಂದಿನ ಮಡಿಕೆ ಹಿಂದಿನದರ ಅರ್ಧ ಮೈಯನ್ನು ಮುಚ್ಚಬೇಕು. ಜಡೆ ಹೆಣೆದ ಹಾಗೆ ಸಾಗಿ, ಕೊನೆಯದನ್ನು ಅಡಿಗೆ ತಿರುಗಿಸಿ ಒತ್ತಿಬಿಡಿ. ತುಕುಮಾನ್‌ನಲ್ಲಿ ಹದಿಮೂರು ಮಡಿಕೆ ಅಂತ ಲೆಕ್ಕ. ನನಗೆ ಹನ್ನೊಂದಕ್ಕಿಂತ ಮೇಲೆ ಹೋಗಿಲ್ಲ. ದೊಡ್ಡಮ್ಮ ಎಣಿಸದೆ ಹದಿನೈದು ಹಾಕುತ್ತಾರೆ. ಕರ್ಜಿಕಾಯಿ ಅಚ್ಚಿದ್ದರೆ ಅದನ್ನೂ ಬಳಸಬಹುದು, ಆದರೆ ಅದರ ಹಲ್ಲು ಒತ್ತಿದ ಅಂಚು ಕರಿಯಲು ಸಾಕು, ರಸಕ್ಕೆ ಸಾಲದು. ಅಚ್ಚಿನಿಂದ ತೆಗೆದ ಮೇಲೂ ಒಮ್ಮೆ ಮಗುಚಿ ಒತ್ತಿ.

ಈ ಮಡಿಕೆಗೆ ಇನ್ನೊಂದು ಉಪಯೋಗವಿದೆ. ಅರ್ಜೆಂಟೀನಾದ ಅಂಗಡಿಗಳಲ್ಲಿ ಒಂದೊಂದು ಹೂರಣಕ್ಕೆ ಒಂದೊಂದು ಬಗೆಯ ಅಂಚು. ನೋಡಿದರೆ ಸಾಕು, ಒಳಗೇನಿದೆ ಗೊತ್ತಾಗುತ್ತದೆ. ನಮ್ಮ ಮನೆಗಳಲ್ಲಿ ಇದು ಇನ್ನೂ ಜಾಸ್ತಿ ಬೇಕು. ಮಟನ್ನಿನದಕ್ಕೆ ಜಡೆ, ಜೋಳದ್ದಕ್ಕೆ ಫೋರ್ಕ್ ಒತ್ತಿದ ಗೆರೆ. ಶನಿವಾರ ಮಾಂಸ ಮುಟ್ಟದ ಚಿಕ್ಕಪ್ಪನಿಗೆ ತಪ್ಪು ತಟ್ಟೆ ಹೋಗುವ ಭಯವಿಲ್ಲ. ಬೇಯಿಸುವ ಟ್ರೇ, ಬಾಣಲೆ ಮಾತ್ರ ಬೇರೆ ಬೇರೆ ಇರಲಿ, ಹೇಳಬೇಕಾಗಿಲ್ಲ.

ಬೇಯಿಸುವುದು

ಮಡಿಸಿದ್ದನ್ನು ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಡಿ. ಅಷ್ಟರಲ್ಲಿ ಓಟಿಜಿ, ಅಂದರೆ ಮನೆಯ ಸಣ್ಣ ಕರೆಂಟ್ ಓವನ್, 220 ಡಿಗ್ರಿಗೆ ಕಾಯಲಿ, ಖಾಲಿ ಟ್ರೇ ಕೂಡ ಒಳಗೇ ಇರಲಿ. ಕಾದ ಟ್ರೇ ಮೇಲೆ ಇಟ್ಟರೆ ತಳ ತಕ್ಷಣ ಗಟ್ಟಿಯಾಗುತ್ತದೆ, ರಸ ಕರಗುವ ಮೊದಲೇ. ಮೇಲೆ ಮೊಟ್ಟೆ ಅಥವಾ ಹಾಲು ಸವರಿ 18ರಿಂದ 22 ನಿಮಿಷ. ಹೊಂಬಣ್ಣದ ಮೇಲೆ ಅಲ್ಲಲ್ಲಿ ಕಂದು ಚುಕ್ಕೆ ಬಂದರೆ ತೆಗೆಯಿರಿ. ಕಡಿಮೆ ಶಾಖದಲ್ಲಿ ತುಂಬ ಹೊತ್ತು ಇಟ್ಟರೆ ಒಳಗೆ ಕುದಿದು ಕುದಿದು ಎಲ್ಲೋ ಒಂದು ಕಡೆ ಒಡೆದೇ ಒಡೆಯುತ್ತದೆ. ಮಳೆಗಾಲದಲ್ಲಿ ನಡುವೆ ಕರೆಂಟ್ ಹೋದರೆ ಬಾಗಿಲು ತೆಗೆಯದೆ ಕಾಯಿರಿ. ಹತ್ತು ನಿಮಿಷದಲ್ಲಿ ಬರದಿದ್ದರೆ ಬಾಣಲೆಗೆ ಎಣ್ಣೆ ಹಾಕಿ.

ಕರಿಯುವುದು ಎರಡನೇ ದರ್ಜೆಯೇನಲ್ಲ, ತುಕುಮಾನ್‌ನಲ್ಲೇ ಕರಿದದ್ದೂ ಇದೆ, ಮಣ್ಣಿನ ಒಲೆಯಲ್ಲಿ ಬೇಯಿಸಿದ್ದೂ ಇದೆ. ಆದರೆ ಇಲ್ಲಿ ಕರ್ಜಿಕಾಯಿಯ ಪಾಠ ಮರೆಯಿರಿ. ಅದನ್ನು ಸಣ್ಣ ಉರಿಯಲ್ಲಿ ನಿಧಾನವಾಗಿ ಕರಿಯುತ್ತೇವೆ, ಹಾಳೆಯೊಳಗಿನ ತೇವವೆಲ್ಲ ಹೋಗಲಿ ಅಂತ. ಎಂಪನಾಡದಲ್ಲಿ ತೇವ ಒಳಗೇ ಇರಬೇಕು, ಹೂರಣವಂತೂ ಮೊದಲೇ ಬೆಂದಿದೆ. 175 ಡಿಗ್ರಿ ಸುತ್ತ, ಅಂದರೆ ಚೂರು ಹಿಟ್ಟು ಬಿಟ್ಟರೆ ಎರಡೆಣಿಸುವಷ್ಟರಲ್ಲಿ ಮೇಲೆ ಬರುವ ಕಾವು. ನಾಲ್ಕು ನಿಮಿಷ ಸಾಕು. ಒಂದು ಸಲಕ್ಕೆ ಮೂರಕ್ಕಿಂತ ಜಾಸ್ತಿ ಬೇಡ, ಮೊಟ್ಟೆ ಸವರುವುದೂ ಬೇಡ. ಎಲ್ಲಾದರೂ ಸೋರುತ್ತಿರುವುದು ಕಂಡರೆ ಅದನ್ನು ಎಣ್ಣೆಗೆ ಬಿಡಲೇಬೇಡಿ, ಸಿಡಿಯುತ್ತದೆ.

ಕೈ ಕುದುರಿದ ಮೇಲೆ ಇನ್ನೆರಡು

ಫಿಲಿಪ್ಪೀನ್ಸಿನ ಇಲೋಕೋಸ್ ಎಂಪನಾಡ ಮಲೆನಾಡಿನವರಿಗೆಂದೇ ಹುಟ್ಟಿದಂತಿದೆ. ಹೊರಗಿನದು ಅಕ್ಕಿ ಹಿಟ್ಟು, ಒಂದು ಬೀಜದಿಂದ ತೆಗೆದ ಕಿತ್ತಳೆ ಬಣ್ಣ ಅದಕ್ಕೆ. ಒಳಗೆ ಪರಂಗಿಕಾಯಿ ತುರಿ, ಅಲ್ಲಿಯ ಮಾಂಸದ ಸಾಸೇಜು ಮತ್ತು ಒಂದು ಹಸಿ ಮೊಟ್ಟೆ. ಕುದಿವ ನೀರಿಗೆ ಹಿಟ್ಟು ಹಾಕಿ ಬೇಯಿಸಿ, ಅಕ್ಕಿ ರೊಟ್ಟಿಗೆ ಮಾಡುವಂತೆಯೇ ಬಿಸಿಯಲ್ಲೇ ನಾದಿ. ಬಣ್ಣಕ್ಕೆ ಅರಿಶಿನ, ಬ್ಯಾಡಗಿ ಪುಡಿ ಸಾಕು. ಬಾಳೆಲೆ ಮೇಲೆ ತೆಳ್ಳಗೆ ತಟ್ಟಿ, ಪರಂಗಿ ತುರಿಯನ್ನು ಉಂಗುರದಂತೆ ಇಟ್ಟು, ನಡುವೆ ಮೊಟ್ಟೆ ಒಡೆದು, ಎಲೆ ಸಮೇತ ಮಡಿಸಿ, ಅಂಚು ಒತ್ತಿ, ಎಲೆ ಬಿಡಿಸುತ್ತಾ ಎಣ್ಣೆಗೆ ಜಾರಿಸಿ. ಮೊದಲ ಎರಡು ಹಾಳಾಗುತ್ತವೆ. ಮೂರನೆಯದರಿಂದ ಸರಿ ಬರುತ್ತದೆ.

ಇನ್ನೊಂದು ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಪಾಸ್ಟಿ. ಗಣಿ ಕಾರ್ಮಿಕರ ಬುತ್ತಿ. ನಮ್ಮ ಕೆಜಿಎಫ್ ಗಣಿಗೂ ಆ ಸೀಮೆಯವರು ಕೆಲಸಕ್ಕೆ ಬಂದಿದ್ದರು. 2011ರಲ್ಲಿ ಯುರೋಪಿನ ಭೌಗೋಳಿಕ ಗುರುತು ಸಿಕ್ಕಿದ ಮೇಲೆ ಕಾರ್ನ್‌ವಾಲ್‌ನಲ್ಲಿ ತಯಾರಾಗದಿದ್ದರೆ ಅಲ್ಲಿ ಅದನ್ನು ಕಾರ್ನಿಷ್ ಪಾಸ್ಟಿ ಅಂತ ಮಾರುವಂತಿಲ್ಲ. ಇದರ ತರ್ಕವೇ ಬೇರೆ. ಮಾಂಸ, ಆಲೂಗಡ್ಡೆ, ಈರುಳ್ಳಿ, ಟರ್ನಿಪ್ಪಿನ ಜಾತಿಯ ಒಂದು ಗಡ್ಡೆ, ಎಲ್ಲವನ್ನೂ ಹಸಿಯಾಗಿಯೇ ತುಂಬುತ್ತಾರೆ. ರಸ ಒಳಗೇ ಹುಟ್ಟುತ್ತದೆ. ಹಾಗಾಗಿ ಕಣಕ ಗಟ್ಟಿ, ಅಂಚು ಹಗ್ಗದಷ್ಟು ದಪ್ಪ, ಶಾಖ ಕಡಿಮೆ, ಹೊತ್ತು ಮುಕ್ಕಾಲು ಗಂಟೆ ಮೇಲೆ. ಇಲ್ಲಿಯ ಮಟನ್ ಅಷ್ಟರಲ್ಲಿ ಬೇಯುವುದಿಲ್ಲ. ಕೋಳಿ ತೊಡೆಯ ಮಾಂಸ ಹಾಕಿ, ನವಿಲುಕೋಸು ಸೇರಿಸಿ, ಕಾಳುಮೆಣಸು ಕೈ ಬಿಚ್ಚಿ ಉದುರಿಸಿ, ಚೆನ್ನಾಗಿ ಬರುತ್ತದೆ.

ಮಾಡಿದ್ದು ಮಿಕ್ಕರೆ ಹೇಗೆ ಅಂತ ಕೇಳುವವರಿಗೆ: ಬೇಯಿಸದವನ್ನು ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಫ್ರೀಜರಿನಲ್ಲಿ ಗಟ್ಟಿ ಮಾಡಿ, ಆಮೇಲೆ ಡಬ್ಬಕ್ಕೆ ತುಂಬಿದರೆ ಒಂದು ತಿಂಗಳು ಇರುತ್ತವೆ. ಹಾಗೇ ನೇರ ಓವನ್ನಿಗೆ, ಐದಾರು ನಿಮಿಷ ಜಾಸ್ತಿ. ಬೇಯಿಸಿದ್ದನ್ನು ಮೈಕ್ರೋವೇವಿನಲ್ಲಿ ಬಿಸಿ ಮಾಡಿದರೆ ಕಣಕ ಚರ್ಮದಂತಾಗುತ್ತದೆ, ದೋಸೆ ಕಾವಲಿಯ ಮೇಲೆ ತಟ್ಟೆ ಮುಚ್ಚಿ ಮಾಡಿ. ಕಣಕ ಒಂದೆರಡು ಉಂಡೆಯಷ್ಟು ಉಳಿದೇ ಉಳಿಯುತ್ತದೆ. ದೊಡ್ಡಮ್ಮ ಅದಕ್ಕೆ ಕಾಯಿ ಬೆಲ್ಲದ ಹೂರಣ ತುಂಬಿ, ಅದೇ ಹದಿನೈದು ಮಡಿಕೆ ಹಾಕಿ, ಕೊನೆಯ ಎಣ್ಣೆಗೆ ಬಿಡುತ್ತಾರೆ. ತಟ್ಟೆಯಲ್ಲಿ ಮೊದಲು ಖಾಲಿಯಾಗುವುದು ಅವೇ.